ಕೈ ಹೋಗುವಷ್ಟು ಜಾಗ

ನಮ್ಮ ಮನೆಯವರ ಗ್ಯಾರೇಜು ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿತ್ತು. ಊರ ಮಂದಿಯ ಗಾಡಿಗಳೆಲ್ಲ ಅವರ ಕೈಯಲ್ಲಿ ನೆಟ್ಟಗಾಗಿ ಓಡುತ್ತಿದ್ದವು. ನಮ್ಮ ಜೀಪು ಮಾತ್ರ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಸತ್ತು ಬಿದ್ದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಚುಚ್ಚುತ್ತಿದ್ದೆ. ಅವರು ನಗುತ್ತಿದ್ದರು. ನಕ್ಕರೆ ನನಗೆ ಇನ್ನೂ ಸಿಟ್ಟು.

ಅದು ನಮ್ಮ ಮಾವನ ಕಾಲದ ಜೀಪು. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಅಮೀನಗಡದ ಸಂತೆಗೆ ಮರಿಗಳನ್ನು ಅದರಲ್ಲೇ ಒಯ್ಯುತ್ತಿದ್ದರು. ಅದೇ ಅಮೀನಗಡದ ತವರಿನಿಂದ ನಾನು ಮದುವೆಯಾಗಿ ಬಂದದ್ದೂ ಅದರಲ್ಲೇ. ಹೊಸ ಸೀರೆಗೆ ಹತ್ತಿದ ಕುರಿಯ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಮುಂದೆ ಒಂದು ದಿನ ಅದರ ಇಂಜಿನ್ನು ಸುಟ್ಟು ನಿಂತಿತು. ಸುಟ್ಟ ಇಂಜಿನ್ನನ್ನು ಬಿಚ್ಚಿ ಹೊರಗೆ ಹಾಕಿದರು, ಜೀಪು ಮಾರಿಬಿಡ್ರಿ ಎಂದರೆ ಮಾತ್ರ ಮಾರಲಿಲ್ಲ. ಮಳೆ ಬಂದಾಗ ಓಡಿಹೋಗಿ ತಮ್ಮ ಅಪ್ಪನ ಕಂಬಳಿಯನ್ನು ಅದರ ಮೇಲೆ ಹೊದಿಸುತ್ತಿದ್ದರು. ಮಳೆಯಲ್ಲಿ ನಾನು ಬಟ್ಟೆ ತೆಗೆಯುತ್ತ ನೆನೆಯುತ್ತಿದ್ದರೂ ಅತ್ತ ನೋಡುತ್ತಿರಲಿಲ್ಲ. ಸವತಿ ಅಂದರೆ ಇದೇ ಎಂದು ನಾನು ಬಂದವರಿಗೆಲ್ಲ ಜೀಪನ್ನು ತೋರಿಸುತ್ತಿದ್ದೆ.

ಆಮೇಲೆ ಅವರ ಎದೆಯ ಆಪರೇಶನ್ ಆಯಿತು. ತುಂಬಿದ ಕೊಡ ಸಹ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಗ್ಯಾರೇಜನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅವರು ಮನೆಯಲ್ಲಿ ಕೂತರು. ಜೀವಮಾನವೆಲ್ಲ ಕಬ್ಬಿಣ ಎತ್ತಿದ ಮನುಷ್ಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿ ಬರುವ ಗಾಡಿಗಳ ಸಪ್ಪಳ ಕೇಳುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಜೀಪಿನ ಕಡೆ ನೋಡುತ್ತ ಅಂದರು:

"ಅದಕ್ಕೊಂದು ಡೀಸೆಲ್ ಇಂಜಿನ್ ಕುಂದ್ರಸ್ತೇನಿ. ಒಮ್ಮೆ ಅದರ ಸಪ್ಪಳ ಕೇಳಬೇಕು ನೋಡ. ಅಷ್ಟ ಸಾಕು."

ಒಂದು ಗಾಡಿಯ ಇಂಜಿನ್ನು ಇನ್ನೊಂದಕ್ಕೆ ಸುಮ್ಮನೆ ಕೂರುವುದಿಲ್ಲ. ಸರಪಳಿಗೆ ಕಟ್ಟಿ ಇಳಿಸಬೇಕು, ಎಲ್ಲಿ ತಾಗುತ್ತದೆ ನೋಡಬೇಕು, ಎತ್ತಬೇಕು, ಕತ್ತರಿಸಬೇಕು, ಮತ್ತೆ ಇಳಿಸಬೇಕು. ಕೊಡ ಎತ್ತಬಾರದವರು ಇದನ್ನು ಮಾಡುವುದು ಹೇಗೆ? ನಾನು ಕುಪ್ಪಸ ಹೊಲಿಯುವವಳು. ಗಿರಾಕಿ ತುಟ್ಟಿಯ ಬಟ್ಟೆ ತಂದರೆ ಮೊದಲು ಹಳೆಯ ಲುಂಗಿಯಲ್ಲಿ ಕತ್ತರಿಸಿ ತೊಡಿಸಿ ನೋಡುತ್ತೇನೆ. ಸಿಟ್ಟಿನಲ್ಲಿ ಅದನ್ನೇ ಅಂದೆ: "ನಿಮ್ಮ ಇಂಜಿನ್ನೂ ಒಂದು ಲುಂಗಿಯೊಳಗ ಹೊಲಿದು ಕೊಡ್ಲೇನ್ರಿ?"

ಅವರು ನಗಲಿಲ್ಲ. "ಖರೇನ ಅಂದಿ. ಮೊದಲ ಹಗೂರಂದು ಒಂದು ನಕಲಿ ಇಂಜಿನ್ ಮಾಡಿ ಇಳಿಸಿ ನೋಡೂಣು," ಎಂದು ಎದ್ದು ನಿಂತರು.

ಮುಂದಿನ ಸಲ ಎದೆ ತೋರಿಸಲು ಬಾಗಲಕೋಟೆಗೆ ಹೋದಾಗ ದವಾಖಾನೆಯಿಂದ ನೇರವಾಗಿ ಗುಜರಿಯವನ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರು ಒಪ್ಪಿದ ಇಂಜಿನ್ನು ಮಣ್ಣಿನಲ್ಲಿ ಕೂತಿತ್ತು. ನಾನು ನನ್ನ ಟೇಪಿನಿಂದ ಅದರ ಎದೆ, ಸೊಂಟ, ಉದ್ದ ಎಲ್ಲ ಅಳೆದೆ. ಹಳೆಯ ಪೇಪರು ಒತ್ತಿ ಹಿಡಿದು, ತೋಳಿನ ಆಕಾರ ತೆಗೆದ ಹಾಗೆ ಅದರ ಮೂಲೆಗಳ ಆಕಾರ ತೆಗೆದೆ. ಕೈಯೆಲ್ಲ ಎಣ್ಣೆ ಜಿಡ್ಡು. ಬಸ್ಸಿನಲ್ಲಿ ಬರುವಾಗ ಅವರು ಆ ಪೇಪರಿನ ಸುರುಳಿಯನ್ನು ಎದೆಗೆ ಅವಚಿಕೊಂಡು ಕೂತಿದ್ದರು. ಎದೆಯ ಫೋಟೋಗಳಿದ್ದ ಚೀಲ ನನ್ನ ಕಾಲ ಕೆಳಗಿತ್ತು.

ಕಲ್ಯಾಣಮಂಟಪದ ಹಿಂದೆ ಎಸೆದಿದ್ದ ಥರ್ಮೋಕೋಲ್ ತಂದೆವು. ತವರಿನ ಕಡೆಯಿಂದ ಕರದಂಟಿನ ಅಂಗಡಿಯ ಖಾಲಿ ರಟ್ಟಿನ ಡಬ್ಬಿಗಳು ಬಂದವು. ನಾನು ಮೈದಾಹಿಟ್ಟಿನ ಅಂಟು ಕಾಯಿಸಿದೆ. ಕತ್ತರಿಸುವುದು ನಾನು, ಅಂಟಿಸುವುದು ಅವರು. ಹಿಂಬದಿಗೆ ಒಂದು ಪ್ಲೈವುಡ್ ತುಂಡು, ಮುಂದೆ ಫ್ಯಾನಿನ ಗಾಲಿಯ ಜಾಗದಲ್ಲಿ ನನ್ನ ಉಪ್ಪಿನ ಡಬ್ಬಿಯ ಮುಚ್ಚಳ. ಥರ್ಮೋಕೋಲಿನ ಮೇಲೆ ಯಾವುದೋ ಮದುವೆಯ 'ಸುಸ್ವಾಗತ' ಹಾಗೇ ಉಳಿದಿತ್ತು. ಅದು ಇಂಜಿನ್ನಿನ ಪಕ್ಕೆಗೆ ಬಂತು.

ಮುಗಿದ ದಿನ ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳದ ತುಂಬ ತಿರುಗಿದರು. "ನೋಡಲೇ ನೋಡ! ಇಂಜಿನ್ ಒಬ್ಬನ ಎತ್ತೇನಿ!" ಎಂದು ಕೂಗಿದರು. ಆಪರೇಶನ್ ಆದ ಮೇಲೆ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ.

ಬಾನೆಟ್ಟು ಎತ್ತಿ ಅದನ್ನು ಒಳಗೆ ಇಳಿಸಿದೆವು. ಮೈಗೆ ಹೊಲಿದ ಕುಪ್ಪಸದ ಹಾಗೆ ಬಿಗಿಯಾಗಿ ಕೂತಿತು. ನಾನು ಬೀಗಿದೆ. ಅವರು ನಟ್ಟು ಬಿಗಿಯುವ ಪಾನಾ ಹಿಡಿದ ಮುಷ್ಟಿಯನ್ನು ಎಡಬದಿಯಲ್ಲಿ ತೂರಿಸಿ ನೋಡಿದರು. ಹೋಗಲಿಲ್ಲ.

"ಇದು ಕುಪ್ಪಸ ಅಲ್ಲ," ಅಂದರು. "ಇಂಜಿನ್ ಕುಂದ್ರಸೂದು ದೊಡ್ಡ ಮಾತಲ್ಲ. ನಾಳೆ ಅದು ಕೆಡ್ತೈತಿ. ಕೆಟ್ಟಾಗ ಕೈ ಹೋಗಬೇಕು. ನೀರಿನ ಪೈಪಿನ ಕ್ಲಿಪ್ಪು ಈ ಕಡೇನ ಬರ್ತೈತಿ."

ಬಲಕ್ಕೆ ಸರಿಸಿ, ಕೈ ಹಾಕಿ, ಮತ್ತೆ ಸರಿಸಿ, ಕೊನೆಗೆ ಅವರ ಮುಷ್ಟಿ ಸಲೀಸಾಗಿ ಹೋಗಿ ತಿರುಗುವಷ್ಟು ಜಾಗ ಬಿಟ್ಟರು. ಇಂಜಿನ್ನಿನ ಕಾಲುಗಳು ಕೂರಬೇಕಾದ ಕಡೆ ನನ್ನ ಹೊಲಿಗೆಯ ಸೀಮೆಸುಣ್ಣದಿಂದ ಗುರುತು ಹಾಕಿದರು. ನಿಜವಾದ ಇಂಜಿನ್ನು ತರಲು ಅವರ ತಮ್ಮನಿಗೆ ಹೇಳಿಯೂ ಆಯಿತು. ನನ್ನ ಮೈದುನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಎತ್ತುವ ಕ್ರೇನಿನವನು, ಎತ್ತುವ ಇಳಿಸುವ, ಬೆಸುಗೆ ಹಾಕುವ ಕೆಲಸ ಬಲ್ಲವನು.

ಇಂಜಿನ್ನು ಬರುವ ಮೊದಲೇ ಅವರು ಹೋದರು. ಬೆಳಿಗ್ಗೆ ಚಹಾ ಕೇಳಿದರು. ನಾನು ಸೋಸಿ ತರುವಷ್ಟರಲ್ಲಿ ಕುರ್ಚಿಯಲ್ಲೇ ತಲೆ ವಾಲಿತ್ತು. ಮಣ್ಣಿಗೆ ಬಂದ ಮಂದಿ ಅಂಗಳದಲ್ಲಿ ಜೀಪಿಗೆ ಆನಿಕೊಂಡು ನಿಂತಿದ್ದರು. ಆ ಮಂದಿಯ ಹೆಗಲು ಉಜ್ಜಿ ಸೀಮೆಸುಣ್ಣದ ಗುರುತು ಅಳಿಯುತ್ತದೆ ಎಂಬ ಹೆದರಿಕೆಯೇ ನನಗೆ. ಗುರುತು ಇದ್ದದ್ದು ಒಳಗೆ, ಬಾನೆಟ್ಟಿನ ಕೆಳಗೆ. ಅದೂ ಆಗ ನನಗೆ ಹೊಳೆಯಲಿಲ್ಲ. ಮನೆ ತುಂಬ ಜನ, ನೂರು ದನಿ, ನನ್ನನ್ನು ಹಿಡಿದು ಅಳಿಸುವವರೇ ಎಲ್ಲ. ನನಗೆ ಅಳು ಬರಲಿಲ್ಲ. ಎಂಥ ಕಲ್ಲೆದಿ ಇಕೀದು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು.

ಬಹಳ ದಿನ ಆ ಬಾನೆಟ್ಟು ತೆಗೆಯಲು ನಾನು ಯಾರಿಗೂ ಬಿಡಲಿಲ್ಲ. ಆಮೇಲೆ ಒಂದು ದಿನ ನಾನೇ ಮೈದುನನನ್ನು ಕರೆದು, ಅಣ್ಣ ಹೇಳಿದ ಇಂಜಿನ್ನು ತಂದು ಹಾಕು ಎಂದೆ. ಅವನು ತಂದ. ಥರ್ಮೋಕೋಲಿನದನ್ನು ಇನ್ನೂ ತೆಗೆಯುವ ಮೊದಲೇ ಸುತ್ತ ಕೈಯಾಡಿಸಿ ನೋಡಿದ.

"ವೈನಿ, ಎಡಕ್ಕ ಸುಮ್ಮ ಜಾಗಾ ಹಾಳಾಗೇತಿ. ಸ್ವಲ್ಪ ಇತ್ತ ಸರಸಿದ್ರ ಸೈಲೆನ್ಸರ್ ಪೈಪು ನೆಟ್ಟಗ ಇಳೀತೈತ್ರಿ. ಇಲ್ಲಂದ್ರ ಹೊಸದು ಬಗ್ಗಸಬೇಕಾಗ್ತೈತಿ."

"ಬಗ್ಗಸು," ಅಂದೆ.

"ಕೆಲಸ ಭಾಳ ಆಗ್ತೈತ್ರಿ."

"ಆಗಲಿ. ನಿಮ್ಮಣ್ಣ ಇಟ್ಟಲ್ಲೇ ಇಡು. ಒಂದು ನೂಲು ಆ ಕಡೆ ಈ ಕಡೆ ಆದ್ರ ನಾ ಸುಮ್ಮನ ಇರೂದಿಲ್ಲ."

ಅವನು ಗೊಣಗುತ್ತಲೇ ಒಪ್ಪಿದ. ಸೀಮೆಸುಣ್ಣದ ಗುರುತಿನ ಮೇಲೆಯೇ ಕಬ್ಬಿಣ ಇಟ್ಟು ಬೆಸುಗೆ ಹಾಕಿದ. ಕಿಡಿ ಹಾರಿ ಆರಿದ ಮೇಲೆ ನೋಡಿದರೆ ಗುರುತು ಸುಟ್ಟುಹೋಗಿತ್ತು. ಅವರ ಕೈಯ ಬರಹ ಅಂತ ಮನೆಯಲ್ಲಿ ಉಳಿದಿದ್ದ ಗೆರೆಗಳು ಅವಷ್ಟೇ. ಜೀಪು ಚಾಲೂ ಆದಾಗ ಓಣಿಯ ಮಂದಿ ಬಂದು ನಿಂತು ನೋಡಿದರು. ಕೇಳಬೇಕಾದವರೇ ಇಲ್ಲ, ನಾನು ಯಾಕೆ ಕೇಳಲಿ ಎಂದು ಒಳಗೆ ಹೋಗಿ ಹೊಲಿಗೆ ಯಂತ್ರ ತುಳಿದೆ.

ಈಚೆಗೆ ಬಾಗಲಕೋಟೆಯಲ್ಲಿ ಒಂದು ಮದುವೆ ಮುಗಿಸಿಕೊಂಡು ಮೈದುನನ ಜೊತೆ ಅದೇ ಜೀಪಿನಲ್ಲಿ ಬರುತ್ತಿದ್ದೆ. ಕಮತಗಿ ದಾಟಿದ ಮೇಲೆ ಬಾನೆಟ್ಟಿನಿಂದ ಹಬೆ ಎದ್ದಿತು. ಇಳಿದು ತೆಗೆದು ನೋಡಿದರೆ ಎಡಬದಿಯಲ್ಲಿ, ಒಳಗೆ, ನೀರಿನ ಪೈಪಿನ ಕ್ಲಿಪ್ಪು ಸಡಿಲಾಗಿತ್ತು. ಇಂಜಿನ್ನು ಆರುವ ತನಕ ಕಾದು ಮೈದುನ ಪಾನಾ ಹಿಡಿದು ಕೈ ಇಳಿಬಿಟ್ಟ. ಕೈ ಹೋಯಿತು. ತಿರುಗಿತು. ಬಿಗಿ ಮಾಡಿದ ಮೇಲೂ ಅವನು ಕೈ ಹೊರಗೆ ತೆಗೆಯಲಿಲ್ಲ. ಹಾಗೇ ಬಾಗಿ ನಿಂತಿದ್ದ.

"ವೈನಿ," ಅಂದ, ಮುಖ ಎತ್ತದೆ. "ಅಣ್ಣಂದೂ ನಂದೂ ಕೈ ಒಂದ ಅಳತಿ ಐತ್ರಿ."

ಅವನು ಬಾಟಲಿಯ ನೀರು ಸುರಿಯುವಾಗ ನಾನೂ ಕೈ ಹಾಕಿ ನೋಡಿದೆ. ನನ್ನ ಕೈಗೆ ಆ ಜಾಗ ದೊಡ್ಡದು. ಸುತ್ತ ಎಲ್ಲೂ ತಾಗಲಿಲ್ಲ. ಆಗ ಅಳು ಬಂತು. ರಸ್ತೆಯೆಂಬ ಖಬರು ಸಹ ಇಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದಂಥ ಅಳು. ಮೈದುನ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಹೋಗಿ ಒಳಗೆ ಕೂತು ಚಾವಿ ತಿರುವಿದ. ನನ್ನ ಅಳು ನನಗೇ ಕೇಳದಷ್ಟು ಸಪ್ಪಳವಾಯಿತು. ಅವರು ಒಮ್ಮೆ ಕೇಳಿದರೆ ಸಾಕು ಅಂದಿದ್ದ ಸಪ್ಪಳ ಅದು. ಅವತ್ತು ನಾನು ನಿಂತು ಕೇಳಿದೆ.