ಕೆರೆಗೊಂದು ‘ದಿ’

ದಾರಿಯಲ್ಲಿ ಕಾಣುವ ಇಂಗ್ಲಿಷ್ ಬೋರ್ಡುಗಳನ್ನು ಮನಸ್ಸಿನಲ್ಲೇ ತಿದ್ದುವುದು ನನ್ನ ಚಟ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನ ಕೈಯಿಂದ ಕೆಂಪು ಪೆನ್ನು ಇಳಿದರೂ ತಲೆಯಿಂದ ಇಳಿಯುವುದಿಲ್ಲ. ವೈಟ್‌ಫೀಲ್ಡಿನ ಸಿಗ್ನಲ್‌ಗಳಲ್ಲಿ ಎಲ್ಲರೂ ಟ್ರಾಫಿಕ್ಕನ್ನು ಬೈಯುತ್ತಿದ್ದರೆ ನಾನು ಎದುರಿನ ಜಾಹೀರಾತಿನ ವ್ಯಾಕರಣ ಸರಿಮಾಡುತ್ತ ಸುಖವಾಗಿ ಕೂತಿರುತ್ತೇನೆ. ಈ ಊರಿನ ಟ್ರಾಫಿಕ್ಕಿನಿಂದ ಲಾಭ ಪಡೆದ ಏಕೈಕ ಮನುಷ್ಯ ನಾನು ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಈ ಚಟದಲ್ಲೂ ನನಗೆ ವಿಶೇಷ ಮೋಹವಿರುವುದು ‘ದಿ’ ಎಂಬ ಪುಟ್ಟ ಪದದ ಮೇಲೆ. ನದಿ, ಸಮುದ್ರಗಳ ಹೆಸರಿಗೆ ಮೊದಲು ಅದು ಇರಲೇಬೇಕು, ಕೆರೆ ಸರೋವರಗಳಿಗೆ ಸಾಮಾನ್ಯವಾಗಿ ಕೂಡದು. ಬೆಟ್ಟಗಳ ಸಾಲಿಗೆ ಉಂಟು, ಒಂಟಿ ಬೆಟ್ಟಕ್ಕೆ ಇಲ್ಲ. ಹಿಮಾಲಯಕ್ಕೆ ಸಿಕ್ಕ ಮರ್ಯಾದೆ ಪಾಪ ಎವರೆಸ್ಟಿಗೆ ಸಿಗಲಿಲ್ಲ. ಯಾಕೆ ಹೀಗೆ ಎಂದು ಯಾವ ಹುಡುಗನಾದರೂ ಎದ್ದು ಕೇಳಿದರೆ, ಪರೀಕ್ಷೆಗೆ ‘ಯಾಕೆ’ ಬರುವುದಿಲ್ಲ ಎಂದು ಗದರಿಸಿ ಕೂರಿಸುತ್ತಿದ್ದೆ. ನಮ್ಮ ದಕ್ಷಿಣ ಪಿನಾಕಿನಿಯನ್ನೇ ನೋಡಿ. ನೊರೆ ಹೊತ್ತು ಕಪ್ಪಗೆ ಹರಿಯುತ್ತಿದ್ದರೂ ಅದು ನದಿ. ಮೂಗು ಮುಚ್ಚಿಕೊಂಡಾದರೂ ಅದಕ್ಕೆ ‘ದಿ’ ಹಚ್ಚಬೇಕು. ಬೊಮ್ಮನಹಳ್ಳಿಗೋ ಅತ್ತಿಬೆಲೆಗೋ ಯಾರೂ ಹಚ್ಚುವುದಿಲ್ಲ. ಆದರೆ ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿತೆನ್ನಿ, ಗೃಹಪ್ರವೇಶಕ್ಕೆ ಮೊದಲೇ ಅದರ ಹೆಸರಿನಲ್ಲಿ ‘ದಿ’ ಬಂದು ಕೂತಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿಗೂ ಒಂದಿದೆ. ಹೆಸರಿನ ಉಳಿದ ಭಾಗವನ್ನು ಹೇಳುವುದಿಲ್ಲ, ನನಗೆ ಇನ್ನೂ ಅಲ್ಲೇ ಬಾಳಬೇಕಾಗಿದೆ.

ನಮ್ಮ ಕಾಂಪೌಂಡಿನ ಹಿಂದೆ ಒಂದು ಕೆರೆಯಿದೆ. ಹಳ್ಳಿಯವರು ಹೊಂಗೆಕೆರೆ ಎನ್ನುತ್ತಾರೆ. ಕೆರೆ ಸರ್ಕಾರದ್ದು, ನಮ್ಮ ಕಟ್ಟಡಕ್ಕಿಂತ ಎಷ್ಟೋ ತಲೆಮಾರು ಹಳೆಯದು. ಆದರೆ ಬಾಲ್ಕನಿಯಿಂದ ಚೆನ್ನಾಗಿ ಕಾಣುತ್ತದೆ, ಮತ್ತು ಮನೆ ಮಾರಿದವರು ಆ ನೋಟವನ್ನೂ ಸೇರಿಸಿಯೇ ಬೆಲೆ ಹೇಳಿದ್ದರು. ನೋಟವನ್ನು ಕೊಂಡವರಿಗೆ ನೀರನ್ನೂ ಕೊಂಡ ಹಾಗೆ ಅನಿಸುವುದು ಸಹಜ. ಅಂತೂ ಕೆರೆಗೆ ಇಳಿಯುವ ಕಾಲುದಾರಿಯಲ್ಲಿ ಒಂದು ಬೋರ್ಡ್ ನೆಡಬೇಕೆಂದು ನಮ್ಮ ನಿವಾಸಿಗಳ ಸಂಘ ತೀರ್ಮಾನಿಸಿತು. ‘ದಿ ಹೊಂಗೆಕೆರೆ ಲೇಕ್’ ನಿವಾಸಿಗಳಿಗೆ ಮಾತ್ರ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಎರಡು ಸಾಲು ಇಂಗ್ಲಿಷ್.

ಬೇರೆ ಕಡೆಯಾಗಿದ್ದರೆ ಪೇಂಟರನನ್ನು ಕರೆದು ಸಂಜೆಯೊಳಗೆ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಸಂಘದವರು ಸಾಫ್ಟ್‌ವೇರಿನವರು. ಏನನ್ನೇ ಬರೆಯಲಿ, ಅದನ್ನು ಎಲ್ಲರ ಕಂಪ್ಯೂಟರಿನಲ್ಲೂ ತೆರೆಯುವ ಒಂದು ಫೈಲಿಗೆ ಹಾಕುತ್ತಾರೆ. ಯಾರು ಬೇಕಾದರೂ ಪಕ್ಕದಲ್ಲಿ ಕಾಮೆಂಟ್ ಬರೆಯಬಹುದು. ಬರೆದವನೇ ಒಪ್ಪಿ ‘ಕ್ಲೋಸ್’ ಎಂದು ಒತ್ತುವ ತನಕ ಬೋರ್ಡ್ ಪ್ರೆಸ್ಸಿಗೆ ಹೋಗುವಂತಿಲ್ಲ. ವ್ಯಾಪ್ತಿಗೆ ಹೊರಗಿನದು ಎಂದು ಅಧ್ಯಕ್ಷರಿಗೆ ಕಂಡದ್ದನ್ನು ಮಾತ್ರ ಅವರೇ ಮುಚ್ಚಬಹುದು. ಇದು ಅವರ ಆಫೀಸಿನ ಪದ್ಧತಿ, ಮನೆಗೂ ಹೊತ್ತು ತಂದಿದ್ದಾರೆ. ಹೊಸ ವರ್ಷದ ಊಟದ ಮೆನು ಹೀಗೆಯೇ ಬೆಳೆದು ಬೆಳೆದು ಕೊನೆಗೆ ಆ ಊಟವನ್ನು ನಾವು ಯುಗಾದಿಗೆ ಉಂಡೆವು.

ಬೋರ್ಡಿನ ಫೈಲ್ ತೆರೆದ ದಿನ ನನಗಾದ ಆನಂದವನ್ನು ಏನೆಂದು ಹೇಳಲಿ! ‘ಕೆರೆಗಳಿಗೆ ದಿ ಬರುವುದಿಲ್ಲ’ ಎಂದು ಬರೆದು ಚಹಾ ಕುಡಿಯುತ್ತ ಕಾದೆ. ಅಮೆರಿಕದಲ್ಲಿದ್ದು ಬಂದ ಮೂರನೇ ಮಹಡಿಯವರು, ಅಲ್ಲಿನ ದೊಡ್ಡ ಉಪ್ಪಿನ ಸರೋವರಕ್ಕೆ ‘ದಿ’ ಇರುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ಅಪಾರ್ಟ್‌ಮೆಂಟಿಗೆ ಇದ್ದು ಕೆರೆಗೆ ಇಲ್ಲದಿದ್ದರೆ ಬ್ರ್ಯಾಂಡಿಗೆ ಪೆಟ್ಟು ಎಂದರು ಅಧ್ಯಕ್ಷರು. ಎರಡು ಪಂಗಡಗಳಾದವು. ಲಿಫ್ಟಿನಲ್ಲಿ ಕೆಲವರು ನನ್ನನ್ನು ನೋಡಿ ಫೋನ್ ನೋಡತೊಡಗಿದರು. ಕಾಲೇಜಿನಲ್ಲಿ ಇಷ್ಟು ಜನ ವ್ಯಾಕರಣವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಇಷ್ಟರ ನಡುವೆ ಒಂದು ಬೆಳಿಗ್ಗೆ ಜಯಮ್ಮ ಬಾಗಿಲಲ್ಲಿ ನಿಂತು ಬೋರ್ಡಿನ ವಿಷಯ ಕೇಳಿದಳು. ನಮಗೆ ಹಾಲು ಹಾಕುವವಳು ಅವಳೇ. ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡ ಹಳ್ಳಿಯ ಹಳೆಯ ಮನೆಯವಳು. ಮಗ ಕ್ಯಾಬ್ ಓಡಿಸುತ್ತಾನೆ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇವಳು ಎರಡು ಹಸು ಇಟ್ಟುಕೊಂಡಿದ್ದಾಳೆ. ದಿನಾ ಹೊಂಗೆಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ದು ತರುತ್ತಾಳೆ. ನಮ್ಮ ಸೆಕ್ಯುರಿಟಿಯ ಶರಣಪ್ಪ, ಯಾದಗಿರಿ ಕಡೆಯವನು, ಅವಳಿಗೆ ಮೊದಲೇ ಹೇಳಿಬಿಟ್ಟಿದ್ದನಂತೆ: “ಬೋರ್ಡ್ ಹಚ್ಚೂತನಾ ನಾ ಏನೂ ಅನ್ನಂಗಿಲ್ಲಕ್ಕ. ಹಚ್ಚಿದ ಮ್ಯಾಲೆ ಬಿಟ್ರ ನನ್ ಕೆಲಸ ಹೋಗ್ತದ.” ಹುಲ್ಲು ಕೊಂಡು ಹಾಕಿ ಹಸು ಸಾಕುವುದು ಆಗದ ಮಾತು, ಹಸುಗಳನ್ನು ಹೊಡೆದುಬಿಡಬೇಕಾಗುತ್ತದೆ ಎಂದಳು. ನಮ್ಮ ಕಡೆ ಹಸು ಹೊಡೆಯುವುದೆಂದರೆ ಮಾರುವುದು. ಆದರೆ ಅವಳ ಮುಖ ನೋಡಿದರೆ ಪದದ ಎರಡನೆಯ ಅರ್ಥವೂ ದೂರವಿಲ್ಲ ಅನಿಸಿತು.

ಬೋರ್ಡ್ ಯಾಕೆ ತಡವಾಗಿದೆ ಎಂದು ಅವಳಿಗೆ ವಿವರಿಸಿದೆ. ಕೆರೆಯ ಹೆಸರಿಗೆ ಮೊದಲು ಒಂದು ಚಿಕ್ಕ ಪದ ಇರಬೇಕೋ ಬೇಡವೋ ಎಂದು ಜಗಳ ನಡೆದಿದೆ ಎಂದೆ. ಅವಳು ನಗಲಿಲ್ಲ. ಹಳ್ಳಿಯಲ್ಲಿ ಇದಕ್ಕಿಂತ ಚಿಕ್ಕ ವಿಷಯಕ್ಕೆ ಕೋರ್ಟಿಗೆ ಹೋದವರನ್ನು ನೋಡಿದವಳು.

“ನೀವ್ ಯಾವ್ ಪಾರ್ಟಿ ಸಾರ್?” ಎಂದಳು.

ಬೇಡ ಎನ್ನುವ ಪಾರ್ಟಿ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ನೀವ್ ಗೆದ್ರೆ ಬೋರ್ಡ್ ಆಕ್ತಾರಾ?”

ಹಾಕುತ್ತಾರೆ ಎಂದೆ. ಸೋತರೂ ಹಾಕುತ್ತಾರೆ ಎಂದೂ ಒಪ್ಪಿಕೊಂಡೆ.

ಅವಳು ಹಾಲಿನ ಕ್ಯಾನಿನ ಮುಚ್ಚಳ ಹಾಕುತ್ತ ಒಂದು ಕ್ಷಣ ಯೋಚಿಸಿದಳು. “ಅಂಗಾರೆ ಗೆಲ್ಲಬ್ಯಾಡಿ ಸಾರ್, ಸೋಲಲೂಬ್ಯಾಡಿ. ಇಂಗೇ ಇರ್ಲಿ” ಎಂದು ಮೆಟ್ಟಿಲಿಳಿದು ಹೋದಳು.

ನನ್ನ ಗ್ರಹಚಾರ, ಅದೇ ಮಧ್ಯಾಹ್ನ ಎದುರು ಪಂಗಡ ಶರಣಾಯಿತು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು, ‘ದಿ’ ತೆಗೆಯೋಣ ಎಂದು ಅಧ್ಯಕ್ಷರೇ ಬರೆದರು. ಜೀವಮಾನದಲ್ಲಿ ವ್ಯಾಕರಣ ನನಗೆ ತಂದುಕೊಟ್ಟ ಏಕೈಕ ಗೆಲುವು. ನಾನು ‘ಕ್ಲೋಸ್’ ಒತ್ತುವುದೊಂದೇ ಬಾಕಿ. ಒತ್ತಲಿಲ್ಲ. ಧೈರ್ಯ ಮಾಡಿ ಹೊಸದೊಂದು ಕಾಮೆಂಟ್ ಬರೆದೆ: ಈ ಕೆರೆ ನಮ್ಮದೇ? ಚಹಾ ಆರುವುದರೊಳಗೆ ಉತ್ತರ ಬಂತು. ಇದು ಈ ಫೈಲಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಬರೆದು ಅಧ್ಯಕ್ಷರು ಅದನ್ನು ಕ್ಲೋಸ್ ಮಾಡಿದ್ದರು. ‘ದಿ’ಯನ್ನು ವಾರಗಟ್ಟಲೆ ಅಗೆದ ಜನರಲ್ಲಿ ಒಬ್ಬರೂ ಇದಕ್ಕೆ ತುಟಿ ಬಿಚ್ಚಲಿಲ್ಲ. ನನಗೆ ಸಿಟ್ಟು ಬಂತು. ಎದ್ದು ಹೋಗಿ ಅಧ್ಯಕ್ಷರ ಬಾಗಿಲು ಬಡಿಯುವಷ್ಟು ಬಂತೇ ಎಂದರೆ, ಇಲ್ಲ. ನಾನು ಅಂಥ ವೀರನಲ್ಲ.

ಆದ್ದರಿಂದ ನನಗೆ ಬರುವ ವಿದ್ಯೆಯನ್ನೇ ಹಿಡಿದೆ. ಪುನರಾಲೋಚಿಸಿದಾಗ ‘ದಿ’ ಇರುವುದೇ ಸರಿ ಅನಿಸುತ್ತಿದೆ ಎಂದು ಬರೆದೆ. ಆಮೇಲೆ ಹೊಂಗೆಕೆರೆ ಎಂಬುದರಲ್ಲಿ ಕೆರೆ ಆಗಲೇ ಇರುವುದರಿಂದ ‘ಲೇಕ್’ ಬೇಕೇ ಎಂದು ಕೇಳಿದೆ. ಬೇಸಿಗೆಯಲ್ಲಿ ನೀರು ಎರಡು ಹೊಂಡಗಳಾಗಿ ಒಡೆಯುವುದರಿಂದ ಬಹುವಚನ ಬಳಸಿದರೆ ಹೇಗೆ ಎಂದೂ ಸೇರಿಸಿದೆ. ಐದನೇ ಮಹಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ನೀವು ಕಲಿಸಿದ್ದೇ ಬೇರೆಯಲ್ಲವೇ ಸರ್ ಎಂದು ಮೊದಲು ಫೈಲಿನಲ್ಲಿ ಕೇಳಿದಳು. ಆಮೇಲೆ ಫೋನ್ ಮಾಡಿ ನನ್ನ ಹೆಂಡತಿಯ ಹತ್ತಿರ ಸರ್ ಆರೋಗ್ಯವಾಗಿದ್ದಾರಾ ಎಂದು ಮೆಲ್ಲಗೆ ವಿಚಾರಿಸಿದಳು. ವಯಸ್ಸಾಯಿತಲ್ಲ ಎಂದಳಂತೆ ನನ್ನ ಹೆಂಡತಿ, ಎಲ್ಲ ಗೊತ್ತಿದ್ದೂ.

ಬಹುವಚನದ ಬಗ್ಗೆ ಈಗ ಉಪಸಮಿತಿ ಕೂತಿದೆ. ಅಮೆರಿಕದವರು ನನ್ನ ಪಾರ್ಟಿಗೆ ಬಂದಿದ್ದಾರೆ, ನನ್ನ ವಿದ್ಯಾರ್ಥಿನಿ ವಿರೋಧ ಪಕ್ಷದ ನಾಯಕಿ, ಮತ್ತು ಅವಳು ಹೇಳುವುದೆಲ್ಲ ಸರಿಯಾಗಿದೆ. ಇದು ಎಷ್ಟು ದಿನ ಎಳೆದೀತು ಎಂದು ನನಗೂ ಗೊತ್ತಿಲ್ಲ. ಒಂದು ದಿನ ಯಾರಿಗಾದರೂ ಬೇಸರ ಬಂದು ಪೇಂಟರನನ್ನು ಕರೆಸಿಯಾರು. ಅಲ್ಲಿಯವರೆಗೆ ನನ್ನ ಹತ್ತಿರ ಅಲ್ಪವಿರಾಮಗಳಿವೆ, ದೊಡ್ಡಕ್ಷರಗಳಿವೆ.

ಈ ಬೆಳಿಗ್ಗೆ ಜಯಮ್ಮ ಹಾಲು ಅಳೆದು ಕೊಟ್ಟು, “ಜಗಳ ಇನ್ನೂ ಐತಾ ಸಾರ್?” ಎಂದಳು. ಚೆನ್ನಾಗಿ ನಡೆದಿದೆ ಎಂದೆ.

“ಸರಿ. ಕೆರೆತಾವ್ಕೆ ಓಗ್ಬತ್ತೀನಿ” ಎಂದು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅವಳ ಕೆರೆಗೆ ‘ದಿ’ ಇರಲಿಲ್ಲ, ಆದರೂ ಯಾವ ಕೆರೆ ಎಂದು ನಾನು ಕೇಳಬೇಕಾಗಲಿಲ್ಲ.