ಟಪಾಲು ಸಿದ್ದನ ಮನಿಲಾ ದಾರಿ

ಡ್ರಿಲ್ ಮೇಷ್ಟ್ರು ದೇವರಾಜು ಸಿದ್ದನನ್ನು ಮೊದಲು ಕಂಡದ್ದು 1953ರ ನವೆಂಬರಿನಲ್ಲಿ, ನಾಪೋಕ್ಲಿನಿಂದ ಮಡಿಕೇರಿಗೆ ಹೋಗುವ ರಸ್ತೆಯ ಏರಿನಲ್ಲಿ. ಬೆಳಿಗ್ಗೆ ಎಂಟು ಗಂಟೆ. ಮೇಷ್ಟ್ರು ಸೈಕಲ್ ಮೇಲೆ ಎದ್ದು ನಿಂತು ತುಳಿಯುತ್ತಿದ್ದರು. ಹಿಂದಿನಿಂದ ಗೆಜ್ಜೆ ಸದ್ದಾಯಿತು. ಎದುರಿನ ಎತ್ತಿನ ಗಾಡಿ ಚರಂಡಿಯತ್ತ ಸರಿಯಿತು. ಕಾಫಿ ಕೊಯ್ಯಲು ಹೊರಟ ಹೆಂಗಸರು ಬೇಲಿಗೆ ಒತ್ತಿ ನಿಂತರು. ಬರಿಗಾಲು, ಖಾಕಿ ಚಡ್ಡಿ, ಹೆಗಲಲ್ಲಿ ಟಪಾಲು ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಆ ಮನುಷ್ಯ ಸೈಕಲನ್ನು ದಾಟಿಯೇಬಿಟ್ಟ.

"ಏಯ್, ಸ್ವಲ್ಪ ನಿಲ್ಲಯ್ಯ!"

"ನಿಲ್ಲಂಗಿಲ್ಲ ಸ್ವಾಮಿ, ಚೀಲ ಐತೆ!"

ಮೇಷ್ಟ್ರು ಏದುಸಿರು ಬಿಡುತ್ತಾ ಮಡಿಕೇರಿ ಅಂಚೆ ಕಚೇರಿ ಮುಟ್ಟುವಷ್ಟರಲ್ಲಿ ಸಿದ್ದ ಚೀಲ ಒಪ್ಪಿಸಿ, ಪೋಸ್ಟ್ ಮಾಸ್ಟರ್ ಸಾಂತಪ್ಪನವರ ರುಜು ಪಡೆದು, ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ. ರುಜು ಬೀಳುವತನಕ ನಿಲ್ಲಬಾರದೆಂಬುದು ಅವನ ನೇಮ. ಅವನಪ್ಪ ಓಡಿದ್ದೂ ಹಾಗೆಯೇ.

ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಗೆದ್ದ ಪದಕಗಳ ಸುದ್ದಿಯಿದ್ದ ಪತ್ರಿಕೆಗಳನ್ನೆಲ್ಲ ಮೇಷ್ಟ್ರು ಎರಡು ವರ್ಷದಿಂದ ಜೋಪಾನ ಮಾಡಿದ್ದರು. ಕೂರ್ಗಿನ ಹೆಸರು ಕಾಣದ ಸಂಕಟ ಅವರದು.

"ಬರೋ ವರ್ಷ ಮನಿಲಾದಲ್ಲಿ ನಡೆಯುತ್ತೆ. ನೀನು ಓಡಬೇಕು."

"ಅಲ್ಲಿಗೆ ಟಪಾಲು ಐತಾ?"

"ಇಲ್ಲ. ಸುಮ್ಮನೆ ಓಡೋದು."

"ಸುಮ್ನೆ ಯಾರಾದ್ರೂ ಓಡ್ತಾರಾ ಸ್ವಾಮಿ?"

ಆದರೂ ಸಿದ್ದ ಒಪ್ಪಿದ. ಸಂಕ್ರಾಂತಿ ಕಳೆದರೆ ಟಪಾಲು ಬಸ್ಸಿನಲ್ಲಿ ಹೋಗುತ್ತದೆಂದು ಹುಕುಂ ಬಂದಿತ್ತು. ಓಡದೆ ಬದುಕುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. "ಓಡೋಕೆ ಬಿಡ್ತಾರೆ ಅಂದ್ರೆ ಎಲ್ಲಿಗಾದ್ರೂ ಬತ್ತೀನಿ" ಎಂದ.

ತಾಲೀಮಿನಲ್ಲಿ ಬರಿ ಹೆಗಲಲ್ಲಿ ಓಡಿಸಿದರೆ ಸಿದ್ದ ನೆಂಟರ ಮನೆಗೆ ಹೊರಟವನಂತೆ ನಡೆದ. ಚೀಲ ಬೇಡವೆಂದು ಆಯ್ಕೆ ಸಮಿತಿಯ ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮೇಷ್ಟ್ರು ತಮ್ಮ ದೆಹಲಿ ಪತ್ರಿಕೆಗಳನ್ನೇ ಚೀಲಕ್ಕೆ ತುಂಬಿದರು. ಅರಗಿನ ಮುದ್ರೆಯಿಲ್ಲದೆ ಕಾಲು ಏಳುವುದಿಲ್ಲವೆಂದ; ಮುದ್ರೆ ಒತ್ತಿದರು. ವಿಳಾಸ ಬೇಕೆಂದ. ಮೇಷ್ಟ್ರು ಹಿಂದುಮುಂದು ನೋಡದೆ "ಪೋಸ್ಟ್ ಮಾಸ್ಟರ್, ಮಡಿಕೇರಿ" ಎಂದು ಬರೆದರು.

ಆಯ್ಕೆಯ ದಿನ ಮಡಿಕೇರಿ ಮೈದಾನಕ್ಕೆ ಹನ್ನೆರಡು ಸುತ್ತು. ಅಂದಿನ ಟಪಾಲಿಗೆ ಬದಲಿ ಆಳು ಗೊತ್ತಾಗಿತ್ತು. ಸಿದ್ದನಲ್ಲದೆ ಐವರಿದ್ದರು, ಎಲ್ಲರೂ ಆಸುಪಾಸಿನವರೇ. ಹಿಂದಿನಿಂದ ಸಿದ್ದನ ಈಟಿಯ ಗೆಜ್ಜೆ ಕೇಳಿದ್ದೇ ತಡ, ಒಬ್ಬೊಬ್ಬನೂ ಚಿಕ್ಕಂದಿನ ರೂಢಿಯಂತೆ ಬದಿಗೆ ಸರಿದು ನಿಂತ. ಒಬ್ಬನಂತೂ "ಜಾಗ ಬಿಡ್ರೋ, ಟಪಾಲು!" ಎಂದು ಮುಂದಿನವನನ್ನೂ ಎಳೆದುಕೊಂಡ. ಹತ್ತನೆಯ ಸುತ್ತಿಗೆ ಸಿದ್ದನ ಸಮೀಪ ಯಾರೂ ಇರಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು.

ಹನ್ನೊಂದನೆಯ ಸುತ್ತು ಮುಗಿಯುವಾಗ ಕೋಟೆಯ ಗಡಿಯಾರ ಹತ್ತು ಹೊಡೆಯಿತು. ದಿನವೂ ಚೀಲ ಒಪ್ಪಿಸುವ ಹೊತ್ತು. ಸಿದ್ದ ನೇರ ಗೇಟಿನತ್ತ ತಿರುಗಿದ.

"ಇನ್ನೊಂದೇ ಸುತ್ತು ಕಣೋ! ಮನಿಲಾ ಕಣೋ!"

"ಹೊತ್ತಾಯ್ತು ಸ್ವಾಮಿ!"

ಮೇಷ್ಟ್ರು ಅಂಚೆ ಕಚೇರಿಗೆ ಓಡಿಬಂದಾಗ ಸಾಂತಪ್ಪ ಚೀಲ ಬಿಚ್ಚಿದ್ದರು.

"ಏನೋ ಇದು? ಎರಡು ವರ್ಷದ ಹಳೇ ಪೇಪರು!"

"ತಡ ಆಯ್ತು ಸ್ವಾಮಿ. ಮೈದಾನದಾಗೆ ಸುತ್ತಾಕಿಸಿಬಿಟ್ರು."

ಸಾಂತಪ್ಪ ಹತ್ತು ಗಂಟೆ ನಾಲ್ಕು ನಿಮಿಷ ಎಂದು ಬರೆದು ರುಜು ಹಾಕಿದರು.

ಓಟ ಪೂರೈಸದ ಕಾರಣ ಸಿದ್ದನ ಹೆಸರು ಕೈಬಿಟ್ಟಿದೆ ಎಂಬ ಸಮಿತಿಯ ಕಾಗದ ನಾಲ್ಕನೆಯ ದಿನ ನಾಪೋಕ್ಲಿಗೆ, ಮೇಷ್ಟ್ರ ಹೆಸರಿಗೆ ಬಂತು. ಹೊತ್ತು ತಂದವನು ಸಿದ್ದನೇ. ಎಂದಿಗಿಂತ ಹತ್ತು ನಿಮಿಷ ಮೊದಲೇ ತಂದಿದ್ದ.

ಸಂಕ್ರಾಂತಿಯ ಮೇಲೆ ಬಸ್ಸು ಬಂತು. ನಾಪೋಕ್ಲಿನ ನಿಲ್ದಾಣದಿಂದ ಅಲ್ಲಿನ ಕಚೇರಿಗೆ ಚೀಲ ತಾನಾಗಿ ನಡೆದು ಹೋಗುವುದಿಲ್ಲವೆಂದು ಸಾಂತಪ್ಪ ಮೇಲಕ್ಕೆ ಬರೆದರು.

ಈಗ ಸಿದ್ದ ನಾಪೋಕ್ಲಿನಲ್ಲಿ ಬಸ್ಸಿನಿಂದ ಟಪಾಲು ಚೀಲ ಇಳಿಸಿಕೊಂಡು, ಅಂಚೆ ಕಚೇರಿಯವರೆಗಿನ ಎಂಬತ್ತು ಗಜ ಓಡುತ್ತಾನೆ.