ಬಾಗಿಲ ಬಳಿಯ ಬ್ಯಾಟರಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು ಅವಳೇ. ತಮ್ಮ ಈಗ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸದಲ್ಲಿದ್ದ. ಬಾಯಿ ತೆರೆದರೆ ತಮಾಷೆ. ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ ಅವರಿಬ್ಬರು ಮತ್ತು ಕಿವಿ ಮಂದವಾದ ಅಪ್ಪ.

ಕೆಲಸದಿಂದ ಬಂದವನು ತನ್ನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ಮೇಲೆ ತಂದು ಮುಂಬಾಗಿಲ ಪಕ್ಕದಲ್ಲಿ ಚಾರ್ಜಿಗೆ ಇಡುತ್ತಿದ್ದ. ಒಮ್ಮೆ ಸ್ಕೂಟರ್ ಉರುಳಿಬಿದ್ದಾಗ ಅದಕ್ಕೆ ಪೆಟ್ಟಾಯಿತು. ಆಮೇಲೆ ಕೈ ಇಡಲಾಗದಷ್ಟು ಬಿಸಿಯಾಗತೊಡಗಿತು.

“ಯಾಕೋ, ಇದು ಹೊಟ್ಟೆ ಉಬ್ಬರಿಸ್ಕೊಂಡಿದೆ? ಅಂಗಡಿಯವರಿಗೆ ತೋರಿಸ್ಬಾರ್ದಾ?”

“ನಿನ್ನ ಅಡುಗೆ ರುಚಿ ಅದಕ್ಕೂ ಹತ್ತಿದೆ ಕಣಕ್ಕ. ಭಾನುವಾರ ಒಯ್ತೀನಿ ಬಿಡು.”

ಆ ಭಾನುವಾರ ಅವನ ಪಾಲಿಗೆ ಬರಲೇ ಇಲ್ಲ.

ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಅವನು ಬ್ಯಾಟರಿ ಚಾರ್ಜಿಗಿಟ್ಟು, ಉಂಡು ಒರಗಿದ್ದ. ಅವಳು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಬಾಗಿಲ ಕಡೆ ಬುಸ್ಸೆಂಬ ಸದ್ದಾಯಿತು. ಮೂಗು ಸುಡುವ ಬಿಳಿ ಹೊಗೆ ಎದ್ದು, ನೋಡನೋಡುತ್ತಲೇ ಪರದೆಗೆ ಬೆಂಕಿ ಹತ್ತಿತು. ಹೊರಹೋಗಲು ಇದ್ದದ್ದು ಅದೊಂದೇ ಬಾಗಿಲು.

“ಅಕ್ಕ, ಅಪ್ಪನ್ನ ಬಾಲ್ಕನಿಗೆ ಕರ್ಕೊಂಡು ಹೋಗು! ಇದನ್ನ ಆಚೆ ಎಸೆದು ಬರ್ತೀನಿ!”

“ಮುಟ್ಟಬೇಡ ಕಣೋ! ನೀನೂ ಬಾ!”

ಅವನು ಕಂಬಳಿ ಸುತ್ತಿ ಎತ್ತಿದ್ದೇ ತಡ, ಬ್ಯಾಟರಿ ಎದೆಯ ಮುಂದೆಯೇ ಸಿಡಿಯಿತು. ಅಪ್ಪನನ್ನೂ ಅವಳನ್ನೂ ಪಕ್ಕದ ಮನೆಯವರು ಬಾಲ್ಕನಿಯಿಂದ ದಾಟಿಸಿಕೊಂಡರು. ಅವಳು ಮತ್ತೆ ಒಳಗೆ ನುಗ್ಗದಂತೆ ನಾಲ್ಕಾರು ಜನ ಹಿಡಿದುಕೊಳ್ಳಬೇಕಾಯಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ತಮ್ಮ ಕೇಳಿದ್ದು ಒಂದೇ ಮಾತು: “ಅಪ್ಪ?”

“ಚೆನ್ನಾಗಿದಾರೆ ಕಣೋ.”

ಮರುದಿನ ಅವನು ತೀರಿಕೊಂಡ. ಅಪ್ಪನಿಗೆ ಆ ಸುದ್ದಿಯನ್ನು ಮೆಲ್ಲಗೆ ಹೇಳುವಂತಿರಲಿಲ್ಲ. ಅವಳು ಕಿವಿಯ ಬಳಿ ಬಾಗಿ ಕೂಗಿದಳು. “ಏನಂದೆ?” ಎಂದರು ಅಪ್ಪ. ಇನ್ನೊಮ್ಮೆ ಕೂಗಿದಳು. ವಾರ್ಡಿಗೆ ವಾರ್ಡೇ ಕೇಳಿಸಿಕೊಂಡಿತು.

ಸುಟ್ಟ ಮನೆ ನೋಡಲು ಬಂದ ಅಗ್ನಿಶಾಮಕದವರು ಹೇಳಿದರು: “ಉಬ್ಬಿದ ಬ್ಯಾಟರಿನ ಚಾರ್ಜಿಗೆ ಹಾಕ್ಲೇಬಾರ್ದಮ್ಮ. ಬೆಂಕಿ ಹೊತ್ಕೊಂಡ್ರೆ ಮುಟ್ಟದೆ ಓಡ್ಬೇಕು. ಅದನ್ನ ಬಾಗಿಲಲ್ಲೇ ಇಟ್ರೆ ಓಡೋದಾದ್ರೂ ಎಲ್ಲಿಗೆ?”

ಈಗ ಅಪ್ಪ ಮಗಳು ಬೇರೆ ಬೀದಿಯಲ್ಲಿದ್ದಾರೆ. ಮೊನ್ನೆ ಮೇಲಿನ ಮನೆಯ ಬಾಡಿಗೆದಾರ ಬ್ಯಾಟರಿ ಹಿಡಿದು ಮೆಟ್ಟಿಲೇರುತ್ತಿದ್ದ. ಅವಳು ಅಡ್ಡ ನಿಂತಳು.

“ಮೇಲೆ ಬೇಡಪ್ಪ.”

“ನಿಮಗ್ಯಾಕಕ್ಕ ಇಲ್ಲದ ಉಸಾಬರಿ?”

ಅವಳು ಹೇಳಲು ಬಾಯಿ ತೆರೆದಳು. ಕಣ್ಣೀರು ಮಾತ್ರ ಇಳಿಯಿತು. ಅವನು ಗೊಂದಲಗೊಂಡು ಬ್ಯಾಟರಿಯೊಂದಿಗೆ ಕೆಳಗಿಳಿದು ಹೋದ.